ಲೋಕಾಪುರದಿಂದ ಗುಲ್ಮಾರ್ಗ್‌ಗೆ: ಹಿಮದ ಆಟಕ್ಕೆ ಪಟ್ಟಿ ಎತ್ತುವ ಲೆಕ್ಕ

ಲೋಕಾಪುರದಲ್ಲಿ ಹಿಮ ಅಂದರೆ ಐಸ್ ಗಾಡಿಯವನ ಡಬ್ಬಿಯೊಳಗೆ ಇರುವುದು, ಅಷ್ಟೇ. ಬೇಸಿಗೆಯಲ್ಲಿ ಪಾರಾ 40 ಡಿಗ್ರಿ ದಾಟುವ ಸೀಮೆ ಇದು. ಒಂದು ಕಡೆ ಕಬ್ಬು, ಇನ್ನೊಂದು ಕಡೆ ಸುಣ್ಣಕಲ್ಲು, ನಡುವೆ ಮುಧೋಳ–ಬಾಗಲಕೋಟೆ ರಸ್ತೆಯ ಲಾರಿಗಳು. ಇಂಥ ಊರಿನ ಹುಡುಗಿಯೊಬ್ಬಳು, ನಮ್ಮ ಹಾಗೆಯೇ ಎರಡನೇ ವರ್ಷದ ಇಂಜಿನಿಯರಿಂಗ್ ಓದುವವಳು, 'ನಾನು ಸ್ನೋಬೋರ್ಡಿಂಗ್ ಸ್ಪರ್ಧೆಗೆ ಇಳೀತೀನಿ, ರೊಕ್ಕ ಕೂಡಿಸಿಕೊಡ್ರಿ' ಅಂದಳು ಅಂತ ಇಟ್ಟುಕೊಳ್ಳೋಣ. ನಾವು ಏನು ಹೇಳಬೇಕು? ನಗಬೇಕಾ? ಕ್ಲಾಸ್ ಗ್ರೂಪಿನಲ್ಲಿ ಒಂದು ಕ್ಯೂಆರ್ ಕೋಡ್ ಹಾಕಿ ಕೈ ತೊಳೆದುಕೊಳ್ಳಬೇಕಾ? ಅಥವಾ ಕೂತು ಲೆಕ್ಕ ಹಾಕಬೇಕಾ?

ಈ ಹುಡುಗಿ ಕಲ್ಪನೆಯವಳು. ಆದರೆ ಅವಳ ಮುಂದಿರುವ ಸಮಸ್ಯೆ ಕಲ್ಪನೆಯದಲ್ಲ. ಅದೇ ದಾರಿಯಲ್ಲಿ ನಡೆದವರು ನಿಜವಾಗಿ ಇದ್ದಾರೆ, ಅವರಲ್ಲಿ ಕರ್ನಾಟಕದವರೂ ಇದ್ದಾರೆ. ಈ ಪಾಠದಲ್ಲಿ ನಾವು ಮೂರು ಕೆಲಸ ಮಾಡೋಣ. ಆಟದ ಖರ್ಚು ಎಲ್ಲಿಂದ ಹುಟ್ಟುತ್ತದೆ ನೋಡೋಣ. ಹಿಂದಿನವರು ಹಣ ಹೇಗೆ ಕೂಡಿಸಿದರು ತಿಳಿಯೋಣ. ಕೊನೆಗೆ ನಮ್ಮ ಲೋಕಾಪುರದ ಹುಡುಗಿಗೆ ಒಂದು ಯೋಜನೆ ಬರೆದುಕೊಡೋಣ.

1. ಆಟ ಯಾವುದು?

ಸ್ಕೀಯಿಂಗ್‌ನಲ್ಲಿ ಎರಡು ಕಾಲಿಗೆ ಎರಡು ಪಟ್ಟಿ, ಕೈಯಲ್ಲಿ ಕೋಲು. ಸ್ನೋಬೋರ್ಡಿಂಗ್‌ನಲ್ಲಿ ಒಂದೇ ಹಲಗೆ, ಎರಡೂ ಕಾಲು ಅದರ ಮೇಲೆ ಬಿಗಿ, ದೇಹ ಅಡ್ಡಕ್ಕೆ ತಿರುಗಿರುತ್ತದೆ. ಇದು ಹಳೆಯ ಆಟವೇನಲ್ಲ. 1965ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಶೆರ್ಮನ್ ಪಾಪೆನ್ ಎಂಬ ಇಂಜಿನಿಯರ್ ತನ್ನ ಮಕ್ಕಳಿಗಾಗಿ ಎರಡು ಸ್ಕೀಗಳನ್ನು ಜೋಡಿಸಿ ಒಂದು ಆಟಿಕೆ ಮಾಡಿದ. ಅದಕ್ಕೆ ಸ್ನರ್ಫರ್ ಎಂದು ಹೆಸರು ಬಂತು. 1977ರಲ್ಲಿ ಜೇಕ್ ಬರ್ಟನ್ ಕಾರ್ಪೆಂಟರ್ ವರ್ಮಾಂಟ್‌ನಲ್ಲಿ ಹಲಗೆ ಮಾಡಿ ಮಾರುವ ಕಂಪನಿ ತೆರೆದ. 1998ರ ನಾಗಾನೊ ಚಳಿಗಾಲದ ಒಲಿಂಪಿಕ್ಸ್‌ಗೆ ಆಟ ಕಾಲಿಟ್ಟಿತು. ಆಗ ಇದ್ದದ್ದು ಜೈಂಟ್ ಸ್ಲಾಲಮ್ ಮತ್ತು ಹಾಫ್‌ಪೈಪ್. ಈಗ ಸ್ನೋಬೋರ್ಡ್ ಕ್ರಾಸ್, ಸ್ಲೋಪ್‌ಸ್ಟೈಲ್, ಬಿಗ್ ಏರ್ ಕೂಡ ಸೇರಿವೆ.

2022ರ ಬೀಜಿಂಗ್‌ವರೆಗಿನ ಒಲಿಂಪಿಕ್ಸ್‌ಗಳಲ್ಲಿ ಭಾರತದ ಒಬ್ಬ ಸ್ನೋಬೋರ್ಡರ್ ಕೂಡ ಇಳಿದಿಲ್ಲ. ಅಂದರೆ ನಮ್ಮ ಹುಡುಗಿ ಕೇಳುತ್ತಿರುವುದು ಯಾರೂ ನಡೆಯದ ಹಾದಿಗೆ ಹಣ. ಇದನ್ನು ಬಚ್ಚಿಡಬಾರದು, ಮೊದಲ ಸಾಲಿನಲ್ಲೇ ಹೇಳಬೇಕು.

2. ಹಲಗೆ ಅಲ್ಲ, ಹಿಮ ದುಬಾರಿ

ಎಲ್ಲರೂ ಮೊದಲು ಕೇಳುವ ಪ್ರಶ್ನೆ: 'ಬೋರ್ಡಿಗೆ ಎಷ್ಟು?' ಪ್ರಶ್ನೆಯೇ ತಪ್ಪು ಜಾಗದಲ್ಲಿ ಬಿತ್ತು. ನಮ್ಮ ಸೀಮೆಯ ಸೈಕಲ್ ಆಟಗಾರರನ್ನು ನೋಡಿ. ಜಮಖಂಡಿ, ಮುಧೋಳ, ಬೀಳಗಿ, ವಿಜಯಪುರದ ಕಡೆಯ ಎಷ್ಟೋ ಹುಡುಗ ಹುಡುಗಿಯರು ಜಾತ್ರೆಯ ರೇಸಿನಿಂದ ಶುರುಮಾಡಿ ರಾಷ್ಟ್ರಮಟ್ಟಕ್ಕೆ ಹೋಗಿದ್ದಾರೆ. ಅವರಿಗೂ ಒಳ್ಳೆ ಕಾರ್ಬನ್ ಸೈಕಲ್‌ಗೆ ಲಕ್ಷಗಟ್ಟಲೆ ಬೇಕು. ಆದರೆ ಸೈಕಲ್ ಕೈಗೆ ಬಂದ ಮೇಲೆ ರಸ್ತೆ ಪುಕ್ಕಟೆ. ನಸುಕಿನಲ್ಲಿ ಎದ್ದು ಲೋಕಾಪುರದಿಂದ ಮುಧೋಳಕ್ಕೆ ಹೋಗಿ ಬಂದರೆ ಆ ದಿನದ ತಾಲೀಮು ಮುಗಿಯಿತು.

ಹಿಮಕ್ಕೆ ಆ ಸೌಲಭ್ಯ ಇಲ್ಲ. ಲೋಕಾಪುರದಿಂದ ಗುಲ್ಮಾರ್ಗ್‌ಗೆ ರಸ್ತೆಯಲ್ಲಿ 2,000 ಕಿಲೋಮೀಟರ್‌ಗೂ ಹೆಚ್ಚು. ಅಲ್ಲಿ ಒಳ್ಳೆ ಹಿಮ ಸಿಗುವುದು ಸುಮಾರಾಗಿ ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ. ಉಳಿದ ತಿಂಗಳು ಹಿಮ ಬೇಕೆಂದರೆ ಭೂಮಧ್ಯರೇಖೆ ದಾಟಬೇಕು: ಚಿಲಿ, ಅರ್ಜೆಂಟೀನಾ, ನ್ಯೂಜಿಲೆಂಡ್. ನಮ್ಮ ಮಳೆಗಾಲ ಅವರ ಚಳಿಗಾಲ. ಆಲ್ಪ್ಸ್ ಪಕ್ಕದಲ್ಲಿ ಹುಟ್ಟಿದ ಮಗು ಶಾಲೆ ಬಿಟ್ಟ ಮೇಲೆ ಬೆಟ್ಟಕ್ಕೆ ಹೋಗುತ್ತದೆ. ನಮ್ಮವಳಿಗೆ ಪ್ರತಿ ಹಿಮದ ದಿನಕ್ಕೂ ಪ್ರಯಾಣ, ವಸತಿ, ಊಟ, ಲಿಫ್ಟ್, ಕೋಚ್, ವಿಮೆ ಎಲ್ಲ ಸೇರುತ್ತದೆ. ಆದ್ದರಿಂದ ನಾವು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಅಳತೆ ಇದು: ಒಟ್ಟು ಖರ್ಚು ಭಾಗಿಸು ಹಿಮದ ಮೇಲಿನ ದಿನಗಳು.

ಒಂದು ವರ್ಷಕ್ಕೆ ಅಂದಾಜು ಹಾಕೋಣ. ಈ ಅಂಕಿಗಳು ಪಾಠಕ್ಕಾಗಿ ನಾವೇ ಇಟ್ಟುಕೊಂಡವು. ನಿಜವಾದ ಯೋಜನೆಗೆ ಕೊಟೇಶನ್ ತರಿಸಲೇಬೇಕು.

– ಬೋರ್ಡ್, ಬೈಂಡಿಂಗ್, ಬೂಟು, ಹೆಲ್ಮೆಟ್, ಬಟ್ಟೆ: ₹1,50,000
– ಗುಲ್ಮಾರ್ಗ್‌ನಲ್ಲಿ 60 ದಿನ ವಸತಿ, ಊಟ (ದಿನಕ್ಕೆ ₹2,500): ₹1,50,000
– ಕೋಚ್, ಲಿಫ್ಟ್, ದೇಶದೊಳಗಿನ ಪ್ರಯಾಣ: ₹1,50,000
– ವಿದೇಶದ ಟಿಕೆಟ್, ವೀಸಾ: ₹1,70,000
– ಅಲ್ಲಿ 30 ದಿನದ ಖರ್ಚು (ದಿನಕ್ಕೆ ₹9,000): ₹2,70,000
– ನೋಂದಣಿ, ಸ್ಪರ್ಧಾ ಶುಲ್ಕ, ವಿಮೆ: ₹60,000

ಕೂಡಿಸಿದರೆ ₹9,50,000. ಆಪತ್ತಿಗೆ ಶೇ 10 ಸೇರಿಸಿದರೆ ₹10,45,000. 90 ಹಿಮದ ದಿನಗಳಿಗೆ ಭಾಗಿಸಿದರೆ ದಿನಕ್ಕೆ ಸುಮಾರು ₹11,600. ಇದರಲ್ಲಿ ಹಲಗೆ, ಬಟ್ಟೆ ಎಲ್ಲ ಸೇರಿ ಶೇ 14ರಷ್ಟು ಮಾತ್ರ. ವಿದೇಶದ ಒಂದು ತಿಂಗಳೇ ಶೇ 42. ಯಾರೋ ಪುಣ್ಯಾತ್ಮರು ಬೋರ್ಡ್ ಕೊಡಿಸಿ ಫೋಟೋ ತೆಗೆಸಿಕೊಂಡರೆ ಸಮಸ್ಯೆಯ ಏಳನೇ ಒಂದು ಭಾಗ ಮಾತ್ರ ಬಗೆಹರಿಯಿತು ಅಂತ ಅರ್ಥ. ಉಳಿದ ಆರು ಭಾಗ ಹಾಗೇ ಕೂತಿರುತ್ತದೆ.

3. ನಮ್ಮ ಕಡೆಯ ಹಳೆಯ ಪಟ್ಟಿಗಳು

ಆಟಗಾರರಿಗಾಗಿ ಪಟ್ಟಿ ಎತ್ತುವುದು ಇಂಟರ್ನೆಟ್ ಬಂದ ಮೇಲೆ ಹುಟ್ಟಿದ ಪದ್ಧತಿ ಅಂತ ತಿಳಿಯಬೇಡಿ. 1920ರಲ್ಲಿ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಹೋದ ಭಾರತದ ಮೊದಲ ತಂಡದಲ್ಲಿ ಬೆಳಗಾವಿಯ ಓಟಗಾರ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. ಮ್ಯಾರಥಾನ್‌ನಲ್ಲಿ 19ನೆಯವರಾಗಿ ಗುರಿ ಮುಟ್ಟಿದರು. ಆ ತಂಡ ಹಡಗು ಹತ್ತಿದ್ದು ಹೇಗೆ? ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟದಲ್ಲಿ ಹಳ್ಳಿಯ ರೈತರ ಮಕ್ಕಳು ಓಡುವುದನ್ನು ದೋರಾಬ್ಜಿ ಟಾಟಾ ನೋಡಿದ್ದರು. ಅವರ ವೇಗ ಯುರೋಪಿನವರಿಗೆ ಹತ್ತಿರ ಇದೆ ಅಂತ ಅವರಿಗೆ ಅನಿಸಿತು, ತಮ್ಮ ಕೈಯಿಂದ ಹಣ ಹಾಕಿದರು. ಇಲ್ಲಿ ಗಮನಿಸಬೇಕಾದ ಮಾತು: ಟಾಟಾ ಅವರನ್ನು ಒಪ್ಪಿಸಿದ್ದು ಓಟದ ಸಮಯ, ಅಂದರೆ ಅಳೆಯಬಹುದಾದ ಒಂದು ಅಂಕಿ.

ಎರಡನೆಯದು ಕುಸ್ತಿಯ ಕಥೆ. ಕರಾಡ ಹತ್ತಿರದ ಗೋಳೇಶ್ವರದ ಖಾಶಾಬಾ ದಾದಾಸಾಹೇಬ ಜಾಧವ 1952ರ ಹೆಲ್ಸಿಂಕಿಯಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತಕ್ಕೆ ಅದು ಮೊದಲ ವೈಯಕ್ತಿಕ ಒಲಿಂಪಿಕ್ ಪದಕ. ಕರಾಡ ದಾಟಿದ ಕೃಷ್ಣೆಯೇ ಮುಂದೆ ನಮ್ಮ ಜಮಖಂಡಿ ತಾಲ್ಲೂಕಿಗೆ ಬರುವುದು. ಅವರ ಗರಡಿಗೂ ನಮ್ಮ ಗರಡಿಗೂ ಮಣ್ಣು ಒಂದೇ. ಹೆಲ್ಸಿಂಕಿಗೆ ಹೋಗುವ ಹಣಕ್ಕಾಗಿ ಅವರು ಊರೂರು ತಿರುಗಿ ಜನರ ಮುಂದೆ ಕೈ ಒಡ್ಡಿದರು. ಸಾಲದೆ ಬಂದಾಗ ಕೊಲ್ಲಾಪುರದ ರಾಜಾರಾಮ್ ಕಾಲೇಜಿನ ಪ್ರಿನ್ಸಿಪಾಲ್ ಖರ್ಡೀಕರ್ ತಮ್ಮ ಮನೆ ಒತ್ತೆ ಇಟ್ಟು 7,000 ರೂಪಾಯಿ ಕೊಟ್ಟರು. ಪದಕ ತಂದ ಜಾಧವರನ್ನು ಊರವರು ನೂರಕ್ಕೂ ಹೆಚ್ಚು ಎತ್ತಿನ ಗಾಡಿಗಳ ಮೆರವಣಿಗೆಯಲ್ಲಿ ಕರೆದೊಯ್ದರು. ಮೆರವಣಿಗೆ ಮುಗಿದ ಮೇಲೆ ಜಾಧವ ಮಾಡಿದ ಕೆಲಸ ಏನು ಗೊತ್ತಾ? ಕುಸ್ತಿ ಆಡಿ ಹಣ ಗಳಿಸಿ ಪ್ರಿನ್ಸಿಪಾಲರ ಸಾಲ ತೀರಿಸಿದರು.

ನಮ್ಮಲ್ಲಿ ಮದುವೆ ಮನೆಯಲ್ಲಿ ಮುಯ್ಯಿ ಬರೆಯುತ್ತಾರಲ್ಲ, ಯಾರು ಎಷ್ಟು ಕೊಟ್ಟರು ಅಂತ ಒಂದು ವಹಿಯಲ್ಲಿ? ಆ ವಹಿ ಇಡುವುದು ಕೊಟ್ಟವರಿಗೆ ನಾಳೆ ತಿರುಗಿ ಕೊಡಬೇಕು ಎಂಬ ನೆನಪಿಗೆ. ಆಟದ ಪಟ್ಟಿಯೂ ಹಾಗೆಯೇ. ದಾನ ಅಂದುಕೊಂಡರೆ ಕೇಳುವವರಿಗೆ ನಾಚಿಕೆ, ಕೊಡುವವರಿಗೆ ಮರೆವು. ಮುಯ್ಯಿ ಅಂದುಕೊಂಡರೆ ಇಬ್ಬರಿಗೂ ಜವಾಬ್ದಾರಿ.

4. ಹಿಮದ ದಾರಿ ತುಳಿದ ಮೂವರು

ಮೊದಲನೆಯವರು ಮನಾಲಿಯ ಶಿವ ಕೇಶವನ್. ಮಂಜುಗಡ್ಡೆಯ ಜಾರುಹಾದಿಯಲ್ಲಿ ಮಲಗಿಕೊಂಡು ಜಾರುವ ಲೂಜ್ ಆಟದವರು. 1998ರಲ್ಲಿ 16ನೇ ವಯಸ್ಸಿಗೆ ನಾಗಾನೊಗೆ ಹೋದರು, 2018ರವರೆಗೆ ಒಟ್ಟು 6 ಒಲಿಂಪಿಕ್ಸ್ ಆಡಿದರು. ದೇಶದಲ್ಲಿ ಲೂಜ್‌ಗೆ ಹಾದಿಯೇ ಇಲ್ಲ. ಸ್ಲೆಡ್ಜ್‌ಗೆ ಚಕ್ರ ಕಟ್ಟಿ ಹಿಮಾಲಯದ ಡಾಂಬರು ರಸ್ತೆಯಲ್ಲಿ, ಲಾರಿ ದನಗಳ ನಡುವೆ ತಾಲೀಮು ಮಾಡಿದರು. ಹಲವು ಬಾರಿ ಸಾರ್ವಜನಿಕರಿಂದ ಹಣ ಎತ್ತಿ ಸ್ಪರ್ಧೆಗೆ ಹೋದರು. ಸಾಮಗ್ರಿ ಇಲ್ಲದ ಕಡೆ ತಲೆ ಓಡಿಸಿದ್ದು ಇವರಿಂದ ಕಲಿಯಬೇಕಾದದ್ದು. ಚಕ್ರ ಕಟ್ಟಿದ ಸ್ಲೆಡ್ಜ್ ಅಂದರೆ ಹಿಮದ ದಿನದ ಖರ್ಚನ್ನು ಕಡಿಮೆ ಮಾಡಿದ ಒಂದು ಯಂತ್ರ. ಇಂಜಿನಿಯರಿಂಗ್ ಓದುವ ನಮಗೆ ಇದು ನೇರ ಪಾಠ: ಹಣ ಕೇಳುವ ಮೊದಲು ಖರ್ಚು ಇಳಿಸುವ ದಾರಿ ಹುಡುಕು. ಸ್ನೋಬೋರ್ಡ್‌ನ ಸಮತೋಲನಕ್ಕೆ ಸ್ಕೇಟ್‌ಬೋರ್ಡ್ ಇದೆ, ಗಾಳಿಯಲ್ಲಿ ತಿರುಗುವುದನ್ನು ಕಲಿಯಲು ಟ್ರ್ಯಾಂಪೊಲಿನ್ ಇದೆ. ಇವೆರಡಕ್ಕೂ ಹಿಮ ಬೇಡ.

ಎರಡನೆಯವರು ಗುಲ್ಮಾರ್ಗ್‌ನ ಆರಿಫ್ ಖಾನ್, ಆಲ್ಪೈನ್ ಸ್ಕೀಯರ್. ಹಿಮದ ಮಡಿಲಲ್ಲೇ ಬೆಳೆದವರು, ತಂದೆಯದು ಸ್ಕೀ ಸಾಮಗ್ರಿಯ ಅಂಗಡಿ. ಅಂಥವರಿಗೂ 2018ರ ಪ್ಯಾಂಗ್‌ಚಾಂಗ್ ತಪ್ಪಿತು. ಅರ್ಹತಾ ಸ್ಪರ್ಧೆಗಳಿಗೆ ತಿರುಗಾಡಲು ಹಣ ಸಾಲಲಿಲ್ಲ. ಜನರಿಂದ ಕೂಡಿಸುವ ಪ್ರಯತ್ನವೂ ಸಾಲಲಿಲ್ಲ. 2022ರ ಬೀಜಿಂಗ್‌ಗೆ ಅವರು ಅರ್ಹತೆ ಪಡೆದರು, ಆ ಕೂಟದಲ್ಲಿ ಭಾರತದ ಏಕೈಕ ಆಟಗಾರ ಅವರೇ. ಜೈಂಟ್ ಸ್ಲಾಲಮ್‌ನಲ್ಲಿ 45ನೇ ಸ್ಥಾನ. ಕೇಂದ್ರ ಸರ್ಕಾರದ ಟಾರ್ಗೆಟ್ ಒಲಿಂಪಿಕ್ ಪೋಡಿಯಂ ಯೋಜನೆಯಿಂದ ಅವರಿಗೆ ₹17.46 ಲಕ್ಷ ಮಂಜೂರಾಯಿತು, ಆದರೆ ಅರ್ಹತೆ ಗಳಿಸಿದ ಮೇಲೆ, ಕೂಟ ಹತ್ತಿರ ಬಂದಾಗ.

ಯಾಕೆ ಹೀಗೆ? ಅಂತರರಾಷ್ಟ್ರೀಯ ಸ್ಕೀ ಮತ್ತು ಸ್ನೋಬೋರ್ಡ್ ಫೆಡರೇಶನ್‌ನ ಆಲ್ಪೈನ್ ಅಂಕ ಪದ್ಧತಿ ನೋಡಿ. ಅಲ್ಲಿ ಅಂಕ ಕಡಿಮೆ ಇದ್ದಷ್ಟೂ ಒಳ್ಳೆಯದು. ಅಂಕ ಇಳಿಸಲು ಒಳ್ಳೆ ಸ್ಪರ್ಧೆಗಳಲ್ಲಿ ಮತ್ತೆ ಮತ್ತೆ ಇಳಿಯಬೇಕು. ಇಳಿಯಲು ಹಣ ಬೇಕು. ಹಣ ಕೊಡುವವರು 'ಅಂಕ ತೋರಿಸು' ಅನ್ನುತ್ತಾರೆ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಅಂತಾರಲ್ಲ, ಅದೇ ಕಥೆ. ದೊಡ್ಡ ಹಣವೆಲ್ಲ ಗೆಲುವಿನ ನಂತರ ನಿಂತಿದೆ. ಗೆಲುವಿನ ಮೊದಲು ಖಾಲಿ ಗುಂಡಿ.

ಮೂರನೆಯವರು ನಮ್ಮವರೇ, ಕೊಡಗಿನ ಭವಾನಿ ತೆಕ್ಕಡ ನಂಜುಂಡ. ಪರ್ವತಾರೋಹಣದಿಂದ ಶುರುಮಾಡಿ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ಗೆ ಬಂದವರು. ಹಿಮವೇ ಇಲ್ಲದ ರಾಜ್ಯದ ಪರವಾಗಿ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಪದಕ ಮೇಲೆ ಪದಕ ಗೆದ್ದರು. 2025ರಲ್ಲಿ ಚಿಲಿ ದೇಶದ ಕೊರಾಲ್ಕೊದಲ್ಲಿ ಅಂತರರಾಷ್ಟ್ರೀಯ ಫೆಡರೇಶನ್‌ನ 5 ಕಿಲೋಮೀಟರ್ ಸ್ಪರ್ಧೆಯಲ್ಲಿ ಕಂಚು ತಂದರು. ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಭಾರತಕ್ಕೆ ಅಂಥ ಪದಕ ಅದೇ ಮೊದಲು. 'ಕನ್ನಡದವರಿಗೆ ಹಿಮದ ಆಟ ಯಾಕೆ?' ಎನ್ನುವವರಿಗೆ ಉತ್ತರ ಇಲ್ಲಿದೆ. 2024ರ ಖೇಲೋ ಇಂಡಿಯಾ ಚಳಿಗಾಲದ ಕೂಟದ ಪದಕ ಪಟ್ಟಿಯಲ್ಲಿ ಸೇನೆಯ ನಂತರ ಎರಡನೇ ಸ್ಥಾನ ಕರ್ನಾಟಕದ್ದು.

ಭವಾನಿ ಅವರ ಹಾದಿಯ ಕ್ರಮವನ್ನು ಗಮನಿಸಿ: ಮೊದಲು ಪರ್ವತ, ಆಮೇಲೆ ದೇಶದೊಳಗಿನ ಹಿಮ, ಆಮೇಲೆ ರಾಜ್ಯದ ಜೆರ್ಸಿ, ಆಮೇಲೆ ಚಿಲಿ. ಮೆಟ್ಟಿಲು ಹಾರಿಲ್ಲ.

5. ಕಾನೂನಿನಲ್ಲಿ ಒಂದು ಬಾಗಿಲು ಇದೆ

ಈಗ ಪಾಠದ ಮುಖ್ಯ ಭಾಗಕ್ಕೆ ಬಂದೆವು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, ₹500 ಕೋಟಿ ನಿವ್ವಳ ಮೌಲ್ಯ, ಅಥವಾ ₹1,000 ಕೋಟಿ ವಹಿವಾಟು, ಅಥವಾ ₹5 ಕೋಟಿ ನಿವ್ವಳ ಲಾಭ ಇರುವ ಕಂಪನಿಗಳು ಹಿಂದಿನ 3 ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕು. ನಾವು ಸಿಎಸ್ಆರ್ ಅನ್ನುವುದು ಇದನ್ನೇ. ಯಾವುದಕ್ಕೆ ಖರ್ಚು ಮಾಡಬಹುದು ಎಂಬ 7ನೇ ಪರಿಶಿಷ್ಟದಲ್ಲಿ ಗ್ರಾಮೀಣ ಕ್ರೀಡೆ, ರಾಷ್ಟ್ರೀಯ ಮಾನ್ಯತೆಯ ಕ್ರೀಡೆ, ಪ್ಯಾರಾಲಿಂಪಿಕ್ ಮತ್ತು ಒಲಿಂಪಿಕ್ ಕ್ರೀಡೆಗಳ ತರಬೇತಿ ಸೇರಿದೆ. ಸ್ನೋಬೋರ್ಡಿಂಗ್ ಒಲಿಂಪಿಕ್ ಕ್ರೀಡೆ. ನಮ್ಮ ಸುತ್ತಲೇ ಸಕ್ಕರೆ, ಸಿಮೆಂಟ್ ಕಾರ್ಖಾನೆಗಳಿವೆ. ಹಾಗಾದರೆ ಅರ್ಜಿ ಹಾಕೋಣವೇ?

ಸ್ವಲ್ಪ ತಡೆಯಿರಿ. ಸಿಎಸ್ಆರ್ ಹಣವನ್ನು ಸಾಮಾನ್ಯವಾಗಿ ದೇಶದ ಹೊರಗೆ ಖರ್ಚು ಮಾಡುವಂತಿಲ್ಲ. 2021ರ ಜನವರಿಯಲ್ಲಿ ತಿದ್ದುಪಡಿಯಾದ ನಿಯಮಗಳು ಇದಕ್ಕೆ ಒಂದೇ ಒಂದು ವಿನಾಯಿತಿ ಕೊಟ್ಟಿವೆ. ರಾಷ್ಟ್ರಮಟ್ಟದಲ್ಲಿ ಯಾವುದಾದರೂ ರಾಜ್ಯ ಅಥವಾ ಕೇಂದ್ರಾಡಳಿತ ಪ್ರದೇಶವನ್ನು, ಅಥವಾ ಅಂತರರಾಷ್ಟ್ರೀಯ ಮಟ್ಟದಲ್ಲಿ ಭಾರತವನ್ನು ಪ್ರತಿನಿಧಿಸುವ ಆಟಗಾರರ ತರಬೇತಿಗೆ ಮಾತ್ರ ಹೊರದೇಶದ ಖರ್ಚು ನಡೆಯುತ್ತದೆ.

ಈ ಒಂದು ಸಾಲು ನಮ್ಮ ಯೋಜನೆಯನ್ನೇ ತಿರುಗಿಸುತ್ತದೆ. ಕರ್ನಾಟಕದ ಜೆರ್ಸಿ ಹಾಕಿಕೊಂಡು ರಾಷ್ಟ್ರಮಟ್ಟದ ಕೂಟದಲ್ಲಿ ಇಳಿಯುವ ಮೊದಲು ವಿದೇಶದ ಖರ್ಚಿಗೆ ಕಂಪನಿಯ ಬಾಗಿಲು ಮುಚ್ಚಿದೆ. ಇಳಿದ ಮೇಲೆ ತೆರೆಯುತ್ತದೆ. ಹಾಗಾದರೆ ಜನರ ಹಣವನ್ನು ಯಾವುದಕ್ಕೆ ಬಳಸಬೇಕು? ಆ ಬಾಗಿಲಿನವರೆಗೆ ಹೋಗುವುದಕ್ಕೆ. ಗಾಡಿಯ ಸ್ಟಾರ್ಟರ್ ಮೋಟಾರ್ ನೆನಪಿಸಿಕೊಳ್ಳಿ. ಅದು ಇಂಜಿನ್ ಹೊತ್ತಿಕೊಳ್ಳುವವರೆಗೆ ಮಾತ್ರ ತಿರುಗಬೇಕು. ಅದರಿಂದಲೇ ಗಾಡಿ ಓಡಿಸಲು ಹೋದರೆ ಬ್ಯಾಟರಿ ಸಾಯುತ್ತದೆ. ಜನರ ಪಟ್ಟಿ ಸ್ಟಾರ್ಟರ್, ಇಂಜಿನ್ ಬೇರೆ.

6. ಲೆಕ್ಕವನ್ನು ಮತ್ತೆ ಹಾಕೋಣ

ಎಲ್ಲ ₹10,45,000ವನ್ನೂ ಜನರಿಂದಲೇ ಎತ್ತಲು ಹೊರಟರೆ ಏನಾಗುತ್ತದೆ? ವೇದಿಕೆಯ ಶುಲ್ಕ, ಪೇಮೆಂಟ್ ಶುಲ್ಕ ಸೇರಿ ಶೇ 5 ಹೋಗುತ್ತದೆ ಅಂತ ಇಟ್ಟುಕೊಂಡರೆ 10,45,000 ÷ 0.95 = ₹11,00,000 ಎತ್ತಬೇಕು. ಒಬ್ಬರು ಸರಾಸರಿ ₹1,000 ಕೊಟ್ಟರೆ 1,100 ಮಂದಿ ಬೇಕು. ನೋಡಿದ 100 ಜನರಲ್ಲಿ ಇಬ್ಬರು ಕೊಡುತ್ತಾರೆ ಅಂದರೆ 55,000 ಜನ ನೋಡಬೇಕು. ಅದು ಲೋಕಾಪುರದ ಒಟ್ಟು ಮಂದಿಗಿಂತ ಹೆಚ್ಚು. ಅದೂ ಒಂದೇ ವರ್ಷಕ್ಕೆ. ಎರಡನೇ ವರ್ಷ ಮತ್ತೆ ಅದೇ ಜನರ ಮುಂದೆ ಹೋಗಬೇಕು.

ವಿದೇಶದ ₹4,40,000 ತೆಗೆದುಹಾಕಿ. ಉಳಿಯುವುದು ₹5,10,000. ಶೇ 10 ಆಪತ್ತಿಗೆ ಸೇರಿಸಿ ₹5,61,000. ಶುಲ್ಕ ಸೇರಿ ಸುಮಾರು ₹5,91,000. ಪೂರ್ಣ ಮಾಡಿ ₹6 ಲಕ್ಷ ಅನ್ನೋಣ. ಇದನ್ನು ಮೆಟ್ಟಿಲಾಗಿ ಹಂಚಿ:

– 2 ಜನ × ₹50,000 = ₹1,00,000
– 15 ಜನ × ₹10,000 = ₹1,50,000
– 75 ಜನ × ₹2,000 = ₹1,50,000
– 400 ಜನ × ₹500 = ₹2,00,000

ಒಟ್ಟು 492 ಜನ, ₹6,00,000. ಮೇಲಿನ 17 ಜನರನ್ನು ಮನೆಗೆ ಹೋಗಿ ಕೇಳಬೇಕು. ಊರಿನ ವೈದ್ಯರು, ವ್ಯಾಪಾರಸ್ಥರು, ಹಳೆಯ ವಿದ್ಯಾರ್ಥಿಗಳು, ಮಠದವರು. ನಡುವಿನ 75 ಜನರಿಗೆ ಫೋನ್ ಮಾಡಬೇಕು. ಕೊನೆಯ 400 ಜನರಿಗೆ ಮಾತ್ರ ಸ್ಟೇಟಸ್, ಪೋಸ್ಟರ್, ಕ್ಯೂಆರ್ ಕೋಡ್ ಸಾಕು. ಪಟ್ಟಿ ಸೋಲುವುದು ಬಹಳ ಸಲ ಕ್ಯೂಆರ್ ಕೋಡ್‌ನಿಂದ ಶುರುಮಾಡಿದ್ದಕ್ಕೆ.

ಇನ್ನೂ ಇಳಿಸಬಹುದು. ಗುಲ್ಮಾರ್ಗ್‌ನಲ್ಲಿ ಕೇಂದ್ರ ಸರ್ಕಾರದ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಇದೆ. ನಮ್ಮ ರಾಜ್ಯದಲ್ಲಿ ಯುವಜನ ಮತ್ತು ಕ್ರೀಡಾ ಇಲಾಖೆಯ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ಪಟ್ಟಿ ಎತ್ತುವ ಮೊದಲು ಈ ಎರಡೂ ಕಡೆ ಬಾಗಿಲು ಬಡಿಯಬೇಕು. ಒಂದು ಸಾಧಾರಣ ಕೋರ್ಸ್ ಮುಗಿಸಿ, ಹಿಮದ ಮೇಲೆ ನಿಜವಾಗಿ ನಿಂತು ನೋಡಿ, 'ಹೌದು, ಇದೇ ಬೇಕು' ಅನಿಸಿದ ಮೇಲೆ ಊರಿನ ಮುಂದೆ ಬರಬೇಕು.

7. ಕಬ್ಬಿನ ಬಿಲ್ಲು ಮತ್ತು ಹಿಮದ ಕಾಲ

ನಮ್ಮ ಸೀಮೆಯಲ್ಲಿ ಪಟ್ಟಿ ಎತ್ತುವವರು ಮರೆಯಬಾರದ ಒಂದು ವಿಷಯ ಕ್ಯಾಲೆಂಡರ್. ಕಬ್ಬು ನುರಿಸುವ ಹಂಗಾಮು ಸುಮಾರಾಗಿ ನವೆಂಬರ್‌ನಲ್ಲಿ ಏರುತ್ತದೆ. ಕಬ್ಬು ಕೊಟ್ಟ 14 ದಿನದೊಳಗೆ ರೈತರಿಗೆ ಹಣ ಸಿಗಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬಿಲ್ಲು ಎಷ್ಟು ತಡವಾಗಿ ಬರುತ್ತದೆ ಅಂತ ನಮ್ಮ ನಿಮ್ಮ ಮನೆಯವರಿಗೇ ಗೊತ್ತು. ಅತ್ತ ಹಿಮದ ಕಾಲ ಡಿಸೆಂಬರ್ ಕೊನೆಗೆ ಶುರು. ಟಿಕೆಟ್, ವಸತಿ, ಕೋಚ್‌ಗೆ ಮುಂಗಡ ಅಕ್ಟೋಬರ್‌ನಲ್ಲೇ ಕೊಡಬೇಕು. ಅಂದರೆ ಹುಡುಗಿಗೆ ಹಣ ಬೇಕಾದಾಗ ಊರಿನ ಕೈ ಖಾಲಿ. ಊರಿನ ಕೈ ತುಂಬಿದಾಗ ಅವಳು ಬೆಟ್ಟದ ಮೇಲೆ.

ಇದಕ್ಕೆ ಉಪಾಯ ಸರಳ. ಹಿಂದಿನ ಹಂಗಾಮಿನ ಬಿಲ್ಲು ಕೈಯಲ್ಲಿದ್ದಾಗ, ಜಾತ್ರೆಗಳ ಸುಗ್ಗಿಯಲ್ಲಿ, ಅಂದರೆ ಫೆಬ್ರವರಿಯಿಂದ ಏಪ್ರಿಲ್ ನಡುವೆ ಮುಂದಿನ ಚಳಿಗಾಲದ ಪಟ್ಟಿ ಎತ್ತಬೇಕು. ಸಂಬಳದವರನ್ನು, ಬೆಂಗಳೂರಿನಲ್ಲಿ ಕೆಲಸಕ್ಕಿರುವ ನಮ್ಮ ಸೀನಿಯರ್‌ಗಳನ್ನು ಆಗಸ್ಟ್‌ನಲ್ಲಿ ಕೇಳಬೇಕು. ಒಟ್ಟು ಹಣ ಸಾಕಾದರೂ ಸಮಯಕ್ಕೆ ಬರದಿದ್ದರೆ ಯೋಜನೆ ಮುರಿಯುತ್ತದೆ. ನಮ್ಮ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪೇಪರಿನಲ್ಲಿ ನಗದು ಹರಿವು ಅಂತ ಓದುತ್ತೇವಲ್ಲ, ಅದು ಇದೇ.

8. ತೆರಿಗೆ ಮತ್ತು ವಹಿ

ಯಾರೂ ಹೇಳದ ಮಾತು ಇದು. ಸಂಬಂಧಿಕರಲ್ಲದವರಿಂದ ಒಂದು ಆರ್ಥಿಕ ವರ್ಷದಲ್ಲಿ ಕೊಡುಗೆಯಾಗಿ ಬಂದ ಹಣ ಒಟ್ಟು ₹50,000 ದಾಟಿದರೆ, ದಾಟಿದ ಭಾಗ ಮಾತ್ರ ಅಲ್ಲ, ಇಡೀ ಮೊತ್ತ ಆದಾಯ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಆ ವರ್ಷದ ಸ್ಲ್ಯಾಬ್, ರಿಯಾಯಿತಿ ನೋಡಿದಾಗ ಕಟ್ಟುವ ತೆರಿಗೆ ಸೊನ್ನೆ ಆಗಬಹುದು. ಆದರೆ ರಿಟರ್ನ್‌ನಲ್ಲಿ ತೋರಿಸದೆ ಇರುವಂತಿಲ್ಲ. ವ್ಯಕ್ತಿಗೆ ನೇರ ಕೊಟ್ಟ ಹಣಕ್ಕೆ ಕೊಟ್ಟವರಿಗೆ 80ಜಿ ವಿನಾಯಿತಿಯೂ ಸಿಗದು. ನೋಂದಾಯಿತ ಟ್ರಸ್ಟ್ ಮೂಲಕ ಆದರೆ ಸಿಗಬಹುದು. ಸಿಎಸ್ಆರ್ ಹಣವೂ ಸಾಮಾನ್ಯವಾಗಿ ಅಂಥ ನೋಂದಾಯಿತ ಸಂಸ್ಥೆಯ ಮೂಲಕವೇ ಹರಿಯುತ್ತದೆ. ಹೊರದೇಶದ ಕನ್ನಡಿಗರ ವಿಷಯದಲ್ಲಿ ಇನ್ನೊಂದು ಎಚ್ಚರ: ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸುವ ಹಣ ವಿದೇಶಿ ದೇಣಿಗೆ ಅಲ್ಲ, ಅಲ್ಲಿನ ಪೌರತ್ವ ಪಡೆದವರು ಕಳಿಸಿದರೆ 2010ರ ವಿದೇಶಿ ದೇಣಿಗೆ ಕಾಯ್ದೆಯ ಪ್ರಶ್ನೆ ಏಳುತ್ತದೆ. ಪಟ್ಟಿ ಶುರುಮಾಡುವ ಮೊದಲ ದಿನವೇ ಊರಿನ ಒಬ್ಬ ಸಿಎ ಅವರ ಹತ್ತಿರ ಒಂದು ತಾಸು ಕೂರಬೇಕು.

ಆಮೇಲೆ ವಹಿ. ಪ್ರತ್ಯೇಕ ಬ್ಯಾಂಕ್ ಖಾತೆ, ಮನೆಯವರಲ್ಲದ ಇಬ್ಬರ ಮೇಲ್ವಿಚಾರಣೆ, ತಿಂಗಳಿಗೊಮ್ಮೆ ಒಂದು ಪುಟದ ಲೆಕ್ಕ. ಆ ಪುಟದಲ್ಲಿ ನಾಲ್ಕೇ ಸಾಲು ಸಾಕು: ಬಂದದ್ದು ಎಷ್ಟು, ಹೋದದ್ದು ಎಷ್ಟು, ಹಿಮದ ಮೇಲೆ ಎಷ್ಟು ದಿನ, ಮುಂದಿನ ಸ್ಪರ್ಧೆ ಯಾವುದು. ಇನ್ನೊಂದು ಪ್ರಶ್ನೆಗೆ ಮೊದಲೇ ಉತ್ತರ ಬರೆದಿಡಬೇಕು: ಗಾಯವಾದರೆ? ಸ್ನೋಬೋರ್ಡಿಂಗ್‌ನಲ್ಲಿ ಮುಂಗೈ ಮುರಿಯುವುದು ತೀರ ಸಾಮಾನ್ಯ. ಉಳಿದ ಹಣ ಚಿಕಿತ್ಸೆಗೆ ಹೋಗುತ್ತದೋ, ಮುಂದಿನ ವರ್ಷಕ್ಕೆ ಕಾಯುತ್ತದೋ, ಇನ್ನೊಬ್ಬ ಆಟಗಾರರಿಗೆ ಹೋಗುತ್ತದೋ, ಹಣ ಕೇಳುವ ಪತ್ರದಲ್ಲೇ ಹೇಳಿಬಿಡಬೇಕು.

9. ಕೊಡಬೇಕೋ ಬೇಡವೋ?

ಕಠಿಣ ಪ್ರಶ್ನೆ ಕೊನೆಗೆ. ಅದೇ ₹6 ಲಕ್ಷದಲ್ಲಿ ಎಷ್ಟೋ ಹುಡುಗರಿಗೆ ಓಟದ ಬೂಟು, ಕೆಲವರಿಗೆ ಒಳ್ಳೆ ಸೈಕಲ್, ಹಾಸ್ಟೆಲ್ ಫೀಸು ಕಟ್ಟಬಹುದಲ್ಲ? ಹಿಮದ ಆಟಕ್ಕೆ ಯಾಕೆ ಕೊಡಬೇಕು?

ನಾವು ಈ ಪ್ರಶ್ನೆಯನ್ನು ತಳ್ಳಿಹಾಕುವುದಿಲ್ಲ. ಫೀಸಿಗೆ ಕಷ್ಟಪಡುವ ಗೆಳೆಯನಿಗೆ ಮೊದಲು ಕೊಡುತ್ತೇನೆ ಅನ್ನುವವರ ಮಾತಿನಲ್ಲಿ ತಪ್ಪಿಲ್ಲ. ಅವರನ್ನು ನಾಚಿಕೆಪಡಿಸಿ ಹಣ ವಸೂಲಿ ಮಾಡುವುದು ಪಟ್ಟಿ ಅಲ್ಲ, ದಂಡ. ಆದರೆ ಇನ್ನೊಂದು ಬದಿಯೂ ಇದೆ. 'ಇದು ನಮ್ಮಂಥವರ ಆಟ ಅಲ್ಲ' ಎಂಬ ಮಾತನ್ನು ನಮ್ಮ ಕಡೆಯ ಮಕ್ಕಳು ಬಹಳ ಬೇಗ ಕಲಿಯುತ್ತಾರೆ. ಮ್ಯಾರಥಾನ್ ಕೂಡ ಒಂದು ಕಾಲಕ್ಕೆ ಬೆಳಗಾವಿಯ ರೈತನ ಮಗನ ಆಟ ಆಗಿರಲಿಲ್ಲ. ಕೊಡಗಿನ ಹುಡುಗಿಗೆ ಸ್ಕೀ ಕೂಡ ಆಗಿರಲಿಲ್ಲ. ಇಂಥ ಒಂದು ಹಾದಿಯಲ್ಲಿ ಮೊದಲನೆಯವರಿಗೆ ಖರ್ಚು ಹೆಚ್ಚು. ಎಲ್ಲಿ ಉಳಿಯಬೇಕು, ಯಾರನ್ನು ಕೇಳಬೇಕು, ಯಾವ ಫಾರ್ಮ್ ತುಂಬಬೇಕು ಎಂಬ ತಿಳಿವಳಿಕೆಗೂ ಅವರೇ ಬೆಲೆ ಕಟ್ಟುತ್ತಾರೆ. ಎರಡನೆಯವರಿಗೆ ಅದು ಪುಕ್ಕಟೆ ಸಿಗುತ್ತದೆ, ಮೊದಲನೆಯವರು ಬರೆದಿಟ್ಟರೆ ಮಾತ್ರ. ಆದ್ದರಿಂದ ನಮ್ಮ ಷರತ್ತು ಒಂದೇ: ಪದಕ ತಾ ಅನ್ನುವುದಿಲ್ಲ, ವಹಿ ತಾ ಅನ್ನುತ್ತೇವೆ. ಹೋದ ದಾರಿಯನ್ನು ಕನ್ನಡದಲ್ಲಿ ಬರೆದುಕೊಡು, ಮುಂದಿನವರಿಗೆ ಆಗುತ್ತದೆ. ಮುಯ್ಯಿ ತೀರಿಸಲು ಅಷ್ಟು ಸಾಕು.

ಅಭ್ಯಾಸ

1. ಮೇಲಿನ ಎರಡನೇ ಅಂದಾಜಿನಲ್ಲಿ (₹5,61,000, 60 ಹಿಮದ ದಿನ) ದಿನಕ್ಕೆ ಎಷ್ಟು ಬೀಳುತ್ತದೆ? ಮೊದಲ ಅಂದಾಜಿಗೆ ಹೋಲಿಸಿ, ವ್ಯತ್ಯಾಸಕ್ಕೆ ಕಾರಣ ಬರೆಯಿರಿ.

2. ಬೋರ್ಡನ್ನು ಕೊಳ್ಳದೆ ಬಾಡಿಗೆಗೆ ಪಡೆದರೆ ಎಷ್ಟು ದಿನದ ನಂತರ ಕೊಳ್ಳುವುದೇ ಲಾಭ? ಬಾಡಿಗೆ ದರವನ್ನು ನೀವೇ ವಿಚಾರಿಸಿ.

3. ಹಾಸ್ಟೆಲ್ ಟೆರೇಸ್ ಮೇಲೆ ಸ್ನೋಬೋರ್ಡ್ ಸಮತೋಲನ ಕಲಿಯಲು ₹3,000ದೊಳಗೆ ಒಂದು ಸಾಧನ ವಿನ್ಯಾಸ ಮಾಡಿ. ಮೆಕ್ಯಾನಿಕಲ್‌ನವರು ಚಿತ್ರ ಬರೆಯಲಿ, ಎಲೆಕ್ಟ್ರಾನಿಕ್ಸ್‌ನವರು ಓರೆ ಅಳೆಯುವ ಸೆನ್ಸರ್ ಕೂರಿಸಲಿ.

4. ನಮ್ಮ ಕಾಲೇಜಿನಲ್ಲಿ ರಾಜ್ಯಮಟ್ಟಕ್ಕೆ ಆಡಿ ಹಣ ಸಾಲದೆ ಆಟ ಬಿಟ್ಟವರು ಯಾರಾದರೂ ಇದ್ದಾರಾ? ಹುಡುಕಿ, ಹತ್ತಿರ ಕೂತು ಅವರ ಲೆಕ್ಕವನ್ನು ಅವರ ಜೊತೆಗೇ ಒಂದು ಪುಟದಲ್ಲಿ ಬರೆಯಿರಿ. ಈ ಪ್ರಶ್ನೆಗೆ ಅಂಕ ಇಲ್ಲ, ಆದರೆ ಮೊದಲು ಬಿಡಿಸಬೇಕಾದದ್ದು ಇದೇ.